ಬಟ್ಟೆಯ ಹಿಂಬದಿ: ಸಂಡೂರು ಸೀಮೆಯ ವಸ್ತ್ರಾಲಂಕರಣದ ಇತಿಹಾಸ

ಶಿಲೆಯಲ್ಲಿ ಕೊರೆದುದು ಉಳಿಯುತ್ತದೆ. ತಾಮ್ರಪಟದಲ್ಲಿ ಬರೆದುದು ಮಣ್ಣಿನಲ್ಲಿ ಹುಗಿದುಹೋದರೂ ಎಂದಾದರೊಂದು ದಿನ ನೇಗಿಲ ಮೊನೆಗೆ ತಗುಲಿ ಮೇಲಕ್ಕೆ ಬರುತ್ತದೆ. ಆದರೆ ಹತ್ತಿಯ ಬಟ್ಟೆಯಾದರೋ ಬೆವರು, ಬಿಸಿಲು, ಅಗಸನ ಕಲ್ಲು, ಗೆದ್ದಲು ಇವುಗಳಿಗೆ ತನ್ನನ್ನು ಒಪ್ಪಿಸಿಕೊಂಡು, ಹರಿದು, ಹರಿದುದು ಕೌದಿಯೊಳಗೆ ಸೇರಿ, ಆ ಕೌದಿಯೂ ಸವೆದು ಒಲೆಯ ಮುಂದಿನ ಮಸಿಯರಿವೆಯಾಗಿ ನಾಮಶೇಷವಾಗುತ್ತದೆ. ಹಂಪಿಯ ಗುಡಿಗೋಪುರಗಳನ್ನು ಕುರಿತು ಗ್ರಂಥಗಳು ಹುಟ್ಟಿದಷ್ಟು ಅಲ್ಲಿಯ ಜನ ಉಟ್ಟು ತೊಟ್ಟುದನ್ನು ಕುರಿತು ಹುಟ್ಟದಿರುವುದಕ್ಕೆ ಇದೇ ಮುಖ್ಯ ಕಾರಣ. ಆದರೂ ಬಟ್ಟೆಯನ್ನು ಓದಬಲ್ಲವರಿಗೆ ಅದು ಮೂಕವಲ್ಲ; ಶಾಸನವನ್ನು ಓದುವ ಶ್ರದ್ಧೆಯಿಂದಲೇ ಅದನ್ನು ಓದಬೇಕು, ಮತ್ತು ಅದರ ಹಿಂಬದಿಯಿಂದ ಓದಲು ತೊಡಗಬೇಕು ಎಂಬುದು ಪ್ರಕೃತ ಲೇಖನದ ಅಭಿಪ್ರಾಯ.

ಈ ಲೇಖನವು ಕೊನೆಗೆ ತಲುಪುವ ಚೋರನೂರು ಬಳ್ಳಾರಿ ಜಿಲ್ಲೆಯ ಸಂಡೂರು ತಾಲ್ಲೂಕಿನ ಒಂದು ಹೋಬಳಿ. ತಾಲ್ಲೂಕಿನ ಬೆಟ್ಟಸಾಲುಗಳು ಕಬ್ಬಿಣದ ಅದಿರಿನಿಂದ ಕೆಂಪಾಗಿವೆ. ಅದಿರಿನ ಹಾದಿಯ ಊರುಗಳಲ್ಲಿ ಬಿಳಿಯ ಪಂಚೆ ಒಂದೇ ದಿನಕ್ಕೆ ಕಾವಿಯ ಛಾಯೆ ತಾಳುತ್ತದೆ. ಉತ್ತರಕ್ಕೆ ಹೊಸಪೇಟೆ, ಅದರ ಮಗ್ಗುಲಲ್ಲೇ ಹಂಪಿ. ಒಂದು ಕಾಲಕ್ಕೆ ಲೋಕದ ನಾನಾ ದೇಶಗಳ ಪಟ್ಟೆ ಪೀತಾಂಬರಗಳು ಬಂದಿಳಿಯುತ್ತಿದ್ದ ಪೇಟೆಯೂ, ಹೇರೆತ್ತುಗಳ ಬೆನ್ನ ಮೇಲೆ ಸಂಸಾರ ಸಾಗಿಸಿದ ಲಂಬಾಣಿಗರ ತಾಂಡಾಗಳೂ ಒಂದೇ ಸೀಮೆಯಲ್ಲಿ ಸೇರಿರುವುದು ಈ ವಿಷಯದ ಭಾಗ್ಯವೆಂದೇ ಹೇಳಬೇಕು.

ವಿಜಯನಗರದ ಉಡುಪಿನ ಬಗ್ಗೆ ನಮಗೆ ದೊರೆತಿರುವ ಲಿಖಿತ ಸಾಕ್ಷ್ಯ ಬಹುಮಟ್ಟಿಗೆ ಪರದೇಶದವರದು. 1443ರಲ್ಲಿ ಇಮ್ಮಡಿ ದೇವರಾಯನ ಆಸ್ಥಾನಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು ದೊರೆಯು ರೇಷ್ಮೆಯ ನಿಲುವಂಗಿ ತೊಟ್ಟಿದ್ದುದನ್ನು ಗಮನಿಸಿದನು. 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೋ ಪಾಯೆಸನು ಕೃಷ್ಣದೇವರಾಯನ ಬಿಳಿಯ ವಸ್ತ್ರದ ಮೇಲೆ ಚಿನ್ನದೆಳೆಯ ಗುಲಾಬಿಗಳನ್ನೂ ತಲೆಯ ಮೇಲೆ ಜರತಾರಿಯ ಎತ್ತರದ ಟೊಪ್ಪಿಗೆಯನ್ನೂ ಕಂಡನು. ಒಮ್ಮೆ ಉಟ್ಟುದನ್ನು ಅರಸನು ಮತ್ತೆ ಉಡುವುದಿಲ್ಲವೆಂದು ಮತ್ತೊಬ್ಬ ಪೋರ್ಚುಗೀಸನಾದ ನೂನಿಜನು ಬರೆದನು. ಹಂಪಿಯ ಶಿಲ್ಪಗಳಲ್ಲಿ ಕಾಣುವ ನೀಳವಾದ ಅಂಗಿಗೆ ಕಬಾಯಿಯೆಂದೂ ಆ ಉದ್ದನೆಯ ಟೊಪ್ಪಿಗೆಗೆ ಕುಲ್ಲಾಯಿಯೆಂದೂ ಹೆಸರು. ಮೊದಲನೆಯದು ಅರಬ್ಬಿಯ ‘ಕಬಾ’, ಎರಡನೆಯದು ಪಾರಸಿಯ ‘ಕುಲಾಹ್’. ಅರಸುಗಳ ಶಿರದಿಂದ ಇಳಿದ ಆ ಶಬ್ದ ಇಂದಿಗೂ ನಮ್ಮ ಉತ್ತರದ ಮನೆಗಳಲ್ಲಿ ಹಸುಗೂಸಿನ ತಲೆಯ ಮೇಲೆ ‘ಕುಲಾವಿ’ಯಾಗಿ ಕುಳಿತಿದೆಯೆಂಬುದನ್ನು ನೆನೆದಾಗ, ಭಾಷೆಯು ಬಟ್ಟೆಗಿಂತ ಎಷ್ಟು ಗಟ್ಟಿಯಾದ ನೂಲಿನಿಂದ ನೆಯ್ದುದೆಂದು ಆಶ್ಚರ್ಯವಾಗುತ್ತದೆ.

ವಿರೂಪಾಕ್ಷ ದೇವಾಲಯದ ರಂಗಮಂಟಪವನ್ನು ಕೃಷ್ಣದೇವರಾಯನು 1510ರಲ್ಲಿ ಕಟ್ಟಿಸಿದನೆಂದು ಶಾಸನವಿದೆ. ಅದರ ಮಾಳಿಗೆಯ ಚಿತ್ರಗಳ ಕಾಲದ ವಿಷಯದಲ್ಲಿ ಮಾತ್ರ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ಆದ ಕಾರಣ ವಿಜಯನಗರದ ಬಟ್ಟೆಯನ್ನು ವರ್ಣದಲ್ಲಿ ನೋಡಬಯಸುವವನು ಲೇಪಾಕ್ಷಿಗೆ ಹೋಗುವುದು ಲೇಸು. ಅಚ್ಯುತರಾಯನ ಕಾಲದಲ್ಲಿ ವಿರುಪಣ್ಣ, ವೀರಣ್ಣರೆಂಬ ಸೋದರರು ಬೆಳೆಸಿದ ಆ ವೀರಭದ್ರಾಲಯದ ಮಾಳಿಗೆಯಲ್ಲಿ ಸಾಲುಗಟ್ಟಿ ನಿಂತ ಸ್ತ್ರೀಪುರುಷರ ಸೀರೆ ಸೆರಗುಗಳು ಗೆರೆ, ಚೌಕಳಿ, ಹೂಬಳ್ಳಿ, ಚುಕ್ಕೆಗಳಿಂದ ತುಂಬಿವೆ; ಅಲ್ಲಿಯ ಲತಾಮಂಟಪದ ಕಂಬಗಳ ಮೇಲಂತೂ ಶಿಲ್ಪಿಯು ಕಲ್ಲನ್ನೇ ಅಚ್ಚಿನ ಬಟ್ಟೆಯಂತೆ ಅಲಂಕರಿಸಿದ್ದಾನೆ. ಆದರೆ ಚಿತ್ರದಲ್ಲಿರುವ ಒಂದು ಹೂವು ನೆಯ್ದುದೋ, ಅಚ್ಚೊತ್ತಿದುದೋ, ಸೂಜಿಯಿಂದ ತೆಗೆದುದೋ ಎಂಬುದನ್ನು ಚಿತ್ರವು ಹೇಳಲಾರದು. ಚಿತ್ರಕ್ಕೆ ಹಿಂಬದಿಯಿಲ್ಲ.

ಬಣ್ಣದ ವಿಚಾರಕ್ಕೆ ನಮ್ಮ ನಾಡಿನ ಗ್ರಂಥವೇ ನೆರವಿಗೆ ಬರುತ್ತದೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದ ವಸ್ತ್ರೋಪಭೋಗದ ಪ್ರಕರಣದಲ್ಲಿ ಅಣಿಲವಾಡ, ಮೂಲಸ್ಥಾನ, ನಾಗಪಟ್ಟಣ, ಮಹಾಚೀನಗಳಿಂದ ಬರುತ್ತಿದ್ದ ಬಟ್ಟೆಗಳ ಹೆಸರುಗಳೂ, ಮಂಜಿಷ್ಠ, ಅರಗು, ಕುಸುಂಬೆ, ನೀಲಿಗಳ ಬಣ್ಣಗಳೂ ಉಲ್ಲೇಖಗೊಂಡಿವೆ. ಏಳು ಶತಮಾನ ಕಳೆದು, ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನನು ನೀಲಗಾರರ ಕಡಾಯಿಗಳನ್ನೂ ಮಡ್ಡಿ ಬೇರಿನ ಕೆಂಪನ್ನೂ ಕಣ್ಣಾರೆ ಕಂಡು ಬರೆದಿಟ್ಟನು. ಇವರಿಬ್ಬರ ನಡುವೆ ಬಣ್ಣಗಾರಿಕೆಯ ಮೂಲತತ್ತ್ವ ಬದಲಾದಂತೆ ತೋರುವುದಿಲ್ಲ. ನೀಲಿಯು ಕಡಾಯಿಯಲ್ಲಿ ಹುಳಿಯೆದ್ದು ಕರಗಿ, ನೂಲಿನೊಳಗೆ ನುಗ್ಗಿ, ಗಾಳಿ ಸೋಕಿದೊಡನೆ ಅಲ್ಲಿಯೇ ಗಟ್ಟಿಯಾಗುತ್ತದೆ. ಅದಕ್ಕೆ ಬೇರೆಯವರ ಹಂಗಿಲ್ಲ. ಕೆಂಪಿಗಾದರೋ ಮಧ್ಯಸ್ಥನೊಬ್ಬನು ಬೇಕು: ಅಳಲೆಕಾಯಿಯ ಒಗರಿನಲ್ಲಿ ಅದ್ದಿದ ಬಟ್ಟೆಗೆ ಪಟಿಕದ ನೀರು ಹಿಡಿಸಿದ ಮೇಲಲ್ಲದೆ ಬೇರಿನ ಕೆಂಪು ನೂಲನ್ನು ನಂಬಿ ನಿಲ್ಲದು. ಪಟಿಕದ ಬದಲು ಕಬ್ಬಿಣವಾದರೆ ಅದೇ ಒಗರು ಕಪ್ಪಾಗುತ್ತದೆ. ಅಚ್ಚಿನ ಬಟ್ಟೆಯ ಸಮಸ್ತ ರಹಸ್ಯವೂ ಇಷ್ಟೆ. ಅಚ್ಚು ಒತ್ತುವುದು ಬಣ್ಣವನ್ನಲ್ಲ, ಬಣ್ಣವನ್ನು ಹಿಡಿಯುವ ಆ ಮಧ್ಯಸ್ಥನನ್ನು. ಯೂರೋಪಿನವರಿಗೆ ಬಹುಕಾಲ ಇದೇ ತಿಳಿಯದಿದ್ದುದು. 1742ರಲ್ಲಿ ಕೂರ್ದು ಎಂಬ ಫ್ರೆಂಚ್ ಪಾದ್ರಿಯು ತೆಂಕಣದ ಬಣ್ಣಗಾರರಿಂದ ಕೇಳಿ ತಿಳಿದು ತನ್ನ ದೇಶಕ್ಕೆ ಬರೆದ ಪತ್ರದಲ್ಲಿ, ಅಳಲೆಕಾಯಿಯ ಪುಡಿಯನ್ನು ಎಮ್ಮೆಯ ಹಾಲಿನಲ್ಲಿ ಕಲಸುವ ಸಂಗತಿಯನ್ನೂ ಸೇರಿಸಿದನು.

ಹಾಲೇಕೆಂಬ ಪ್ರಶ್ನೆ ನನ್ನನ್ನು ಬಹುದಿನ ಕಾಡಿತು. ಅದನ್ನು ಕೈಯಾರೆ ಮಾಡಿ ತಿಳಿಯಲು ಹೊರಟಾಗ, ಕಬ್ಬಿಣದ ನಾಡಿನಲ್ಲಿಯೇ ಇದ್ದು ಕಬ್ಬಿಣದ ಕಪ್ಪನ್ನು ಮಾಡದಿರುವುದು ಸರಿಯಲ್ಲವೆಂದುಕೊಂಡು ಮೊದಲು ಬೆಟ್ಟದ ಅದಿರಿನ ಕೆಂಪು ಪುಡಿಯನ್ನೇ ಬೆಲ್ಲದ ನೀರಿನಲ್ಲಿ ನೆನೆಯಿಟ್ಟೆ; ಹದಿನೈದು ದಿನವಾದರೂ ಅದು ಕೆಸರಾಗಿಯೇ ಉಳಿಯಿತು, ಬಟ್ಟೆಗೆ ಮೆತ್ತಿದುದು ಮೊದಲ ಒಗೆತಕ್ಕೆ ಹೊರಟುಹೋಯಿತು. ಅನಂತರ ಗುಜರಿಯ ತುಕ್ಕು ಮೊಳೆಗಳನ್ನೂ ಹಳೆಯ ಲಾಳಗಳನ್ನೂ ಮಣ್ಣಿನ ಗಡಿಗೆಗೆ ಹಾಕಿ, ಬೆಲ್ಲ ನೀರು ಹೊಯ್ದು, ಬಾಯಿಗೆ ಅರಿವೆ ಕಟ್ಟಿ ಮೂಲೆಯಲ್ಲಿಟ್ಟೆ. ಮೂರನೆಯ ವಾರಕ್ಕೆ ನೊರೆ ಇಳಿದು, ಹುಳಿ ನಾತ ಬೀರುವ ಕಂದು ನೀರು ಸಿದ್ಧವಾಗಿತ್ತು. ಹುಣಿಸೆಬೀಜದ ಹಿಟ್ಟಿನ ಗಂಜಿಯಲ್ಲಿ ಅದನ್ನು ಮಂದ ಮಾಡಿ, ಅಳಲೆಕಾಯಿಯ ನೀರಿನಲ್ಲಿ ಅದ್ದಿ ಒಣಗಿಸಿದ ಖಾದಿಯ ಮೇಲೆ ಸಣ್ಣದೊಂದು ಮರದಚ್ಚಿನಿಂದ ಒತ್ತಿದೆ. ಒತ್ತಿದೊಡನೆ ಕಂದಾಗಿದ್ದ ಹೂವು ಕಣ್ಣೆದುರಿನಲ್ಲೇ ಬೂದಿಯಾಗಿ, ಬೂದಿಯಿಂದ ಕಪ್ಪಾಯಿತು. ಆದರೆ ಎಸಳಿನ ಅಂಚುಗಳೆಲ್ಲ ಹರಡಿ ಹೂವು ಮಸಿಯ ಕಲೆಯಂತಾಯಿತು. ಎರಡನೆಯ ತುಂಡಿಗೆ ಅಳಲೆಯೊಡನೆ ಎಮ್ಮೆಯ ಹಾಲನ್ನು ಬೆರೆಸಿ ಹಿಡಿಸಿದೆ. ಅದೇ ಅಚ್ಚು, ಅದೇ ಕೈ. ಈ ಸಲ ಎಸಳುಗಳು ಬಿಡಿಬಿಡಿಯಾಗಿ ನಿಂತವು. ಹಾಲಿನ ಜಿಡ್ಡು ನೂಲಿನ ದಾಹವನ್ನು ತಗ್ಗಿಸಿ ಬಣ್ಣವು ಹರಿಯದಂತೆ ತಡೆಯುತ್ತದೆಂಬುದನ್ನು ಪುಸ್ತಕದಿಂದ ತಿಳಿದಿದ್ದೆನಾದರೂ, ಆ ಎರಡು ತುಂಡುಗಳನ್ನು ಜೊತೆಯಲ್ಲಿಟ್ಟು ನೋಡುವ ತನಕ ಅದು ನನ್ನ ಅರಿವಾಗಿರಲಿಲ್ಲ.

ಇನ್ನು ತಾಂಡಾದ ಕಡೆಗೆ ತಿರುಗೋಣ. ಲವಣದ ವ್ಯಾಪಾರದಿಂದ ಲಂಬಾಣಿಗರಿಗೆ ಲಮಾಣಿಯೆಂಬ ಹೆಸರು ಬಂದಿತೆಂದು ಹೇಳುವುದುಂಟು. 1632ರಲ್ಲಿ ಉತ್ತರ ಹಿಂದೂಸ್ಥಾನದಲ್ಲಿ ಪೀಟರ್ ಮಂಡಿಯೆಂಬ ಆಂಗ್ಲನು ಎದುರುಗೊಂಡ ಒಂದು ತಾಂಡಾದಲ್ಲಿ 14,000 ಹೇರೆತ್ತುಗಳಿದ್ದುವಂತೆ. ದಖನ್ನಿನ ದಂಡುಗಳು ಉಂಡ ಧಾನ್ಯವನ್ನು ಹೊತ್ತವರೂ ಈ ಜನರೇ. ರೈಲು ಬಂದು ಹೇರನ್ನು ಕಸಿದುಕೊಂಡಿತು. ಆಂಗ್ಲರ ಸರ್ಕಾರವು ಅಲೆಯುವ ಹಲವು ಸಮುದಾಯಗಳನ್ನು ಅಪರಾಧಿಗಳ ಪಟ್ಟಿಗೆ ಸೇರಿಸುವ ಕ್ರೂರ ಕಾಯಿದೆಯನ್ನು 1871ರಲ್ಲಿ ತಂದಿತು. ಅದಕ್ಕೆ ಮುನ್ನ, ಮನೆಯೇ ನಡೆಯುತ್ತಿದ್ದಾಗ, ಗೋಡೆಯಿಲ್ಲ, ಪೆಟ್ಟಿಗೆಯಿಲ್ಲ. ಆದುದರಿಂದ ಆ ಹೆಂಗಸರು ತಮ್ಮ ಸಂಪತ್ತನ್ನೂ ಸೊಬಗನ್ನೂ ಮೈಮೇಲಿನ ಬಟ್ಟೆಗೇ ಹೊಲಿದುಕೊಂಡರು. ಲಂಗವಾದ ಫೇಟಿಯಾ, ಬೆನ್ನು ತೆರೆದ ರವಿಕೆಯಾದ ಕಾಂಚಳಿ, ಮುಸುಕಾದ ಛಾಟಿಯಾಗಳ ಮೇಲೆ ಕವಡೆ, ನಾಣ್ಯ, ಮಣಿ, ಕನ್ನಡಿಬಿಲ್ಲೆಗಳು ಬಂದದ್ದು ಹೀಗೆ.

ಸಂಡೂರಿನ ಲಂಬಾಣಿ ಕಸೂತಿಯಲ್ಲಿ ಹದಿನಾಲ್ಕು ಬಗೆಯ ಹೊಲಿಗೆಗಳನ್ನು ಹೆಸರಿಸುತ್ತಾರೆ: ಕಿಲನ್, ವೇಲೆ, ಬಕ್ಯಾ, ಮಾಕಿ, ಸೂರ್ಯಕಾಂತಿ ಮಾಕಿ, ಕಾನ್ಸ್, ತೇರಾ ದೋರಾ, ಕೌದಿ, ರೇಲೋ, ಗಾದ್ರಿ, ಭುರಿಯಾ, ಪೋಟೆ, ಜೊಲ್ಯಾ, ನಕ್ರಾ. ಇವುಗಳ ನಡುವೆ ನಮ್ಮ ‘ಕೌದಿ’ ಮನೆಯ ಮಗಳಂತೆ ಕುಳಿತಿರುವುದನ್ನು ನೋಡಬೇಕು. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ದಾರದಿಂದ ಬಿಗಿಯುವ ಈ ಕಲೆ ಬಯಲುಸೀಮೆಯ ಎಲ್ಲ ಜಾತಿಗಳ ಹೆಂಗಸರಿಗೂ ಸಮಾನವಾದದ್ದು. ಕನ್ನಡಿಯನ್ನು ಕೂರಿಸುವ ಕ್ರಮವನ್ನು ಹತ್ತಿರದಿಂದ ನೋಡಿದ್ದೇನೆ. ರಂಧ್ರವಿಲ್ಲದ ಗಾಜಿಗೆ ಸೂಜಿ ತೂರದಷ್ಟೆ. ಆದುದರಿಂದ ಬಿಲ್ಲೆಯ ಮೇಲೆ ಉದ್ದಕ್ಕೆ ಎರಡು, ಅಡ್ಡಕ್ಕೆ ಎರಡು ಎಳೆಗಳನ್ನು ಬಿಗಿದು ಪಂಜರವೊಂದನ್ನು ಕಟ್ಟಿ, ಬಳಿಕ ಆ ಎಳೆಗಳನ್ನೇ ಕೊಕ್ಕೆ ಹಾಕಿ ಅಂಚಿಗೆ ಎಳೆಯುತ್ತ ಸುತ್ತಲೂ ಹೊಲಿಯುತ್ತ ಹೋದಂತೆ, ನಡುವಿನ ಚೌಕವು ಅಗಲಿಸಿ ದುಂಡಗಾಗುತ್ತದೆ. ಗಾಜು ತನ್ನ ಮೇಲಿನ ಬಿಗಿತದಿಂದಲೇ ಬಟ್ಟೆಗೆ ಅಂಟಿಕೊಳ್ಳುತ್ತದೆ.

ಧಾರವಾಡದ ಕಸೂತಿಯ ಗವಂತಿ ಹೊಲಿಗೆಯನ್ನು ತಿರುವಿ ಹಾಕಿದರೆ ಮುಂಬದಿ ಹಿಂಬದಿಗಳಲ್ಲಿ ಭೇದ ಕಾಣುವುದಿಲ್ಲ. ಅದರ ಶ್ರೇಷ್ಠತೆಯೇ ಅದು. ಲಂಬಾಣಿ ಬಟ್ಟೆಯ ಹಿಂಬದಿಯಾದರೋ ಕೆಲಸದ ದಿನಚರಿ. ಯಾವ ತೇಪೆ ಮೊದಲು ಬಂತು, ಯಾವ ಕನ್ನಡಿ ಬಿದ್ದ ಮೇಲೆ ಮತ್ತೊಂದನ್ನು ಕೂರಿಸಿದರು, ಎಲ್ಲಿ ದಾರ ಮುಗಿದು ಬೇರೆ ಬಣ್ಣ ಹಿಡಿದರು ಎಂಬುದೆಲ್ಲ ಅಲ್ಲಿ ಗಂಟುಗಂಟಾಗಿ ಬರೆದಿದೆ. ಬಿಸಿಲು ತಾಗದ ಆ ಕಡೆ ಬಣ್ಣವೂ ಮೊದಲಿನ ಕಾಂತಿಯಲ್ಲಿ ಉಳಿದಿರುತ್ತದೆ.

1856ರಲ್ಲಿ ಪರ್ಕಿನನ ನೇರಳೆ, 1868ರಲ್ಲಿ ಗ್ರೇಬೆ ಮತ್ತು ಲೀಬರ್ಮನ್ನರ ಕೃತಕ ಮಂಜಿಷ್ಠ, 1897ರಲ್ಲಿ ಪೇಟೆಗೆ ಬಂದ ಜರ್ಮನಿಯ ಕೃತಕ ನೀಲಿ ಇವು ಮೂರೂ ಸೇರಿ ಬೇರು ತೊಗಟೆಗಳ ಕಡಾಯಿಯನ್ನು ಆರಿಸಿದುವು. ಸಂತೆಯಲ್ಲಿ ದೊರೆತ ಬಣ್ಣದ ದಾರವನ್ನು ತಾಂಡಾದವರು ಸಂತೋಷದಿಂದಲೇ ಕೊಂಡರು. ಅದನ್ನು ಪತನವೆಂದು ಕರೆಯುವವರ ಮಾತಿಗೆ ನಾನು ಸಮ್ಮತಿಸಲಾರೆ. ಹೊಸ ವಸ್ತುವನ್ನು ಹಳೆಯ ಹೊಲಿಗೆಗೆ ಒಗ್ಗಿಸಿಕೊಂಡುದೂ ಪ್ರಯೋಗವೇ. 1980ರ ದಶಕದಲ್ಲಿ ಸಂಡೂರಿನ ಹಿಂದಿನ ಅರಸರಾದ ಘೋರ್ಪಡೆ ಮನೆತನದ ಆಸಕ್ತಿಯಿಂದ ರೂಪುಗೊಂಡ ಸಂಡೂರು ಕುಶಲ ಕಲಾ ಕೇಂದ್ರವು ಈ ಹೊಲಿಗೆಯನ್ನು ಮೈಯುಡುಪಿನಿಂದ ಚೀಲ, ಹಾಸು, ದಿಂಬುಗಳ ಮೇಲಕ್ಕೆ ತಂದಿತು. ಸುಶೀಲಾನಗರ ಮೊದಲಾದ ತಾಂಡಾಗಳ ಹೆಂಗಸರಿಗೆ ಅದರಿಂದ ಕೈಗೆ ಕಾಸು ಬಂದಿತು. 2010ರಲ್ಲಿ ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ರಾಷ್ಟ್ರಗಳ ಸಾಂಸ್ಕೃತಿಕ ಸಭೆ ನೆರೆದಾಗ, 450ಕ್ಕೂ ಮಿಕ್ಕ ಲಂಬಾಣಿ ಸ್ತ್ರೀಯರು ಹೊಲಿದ 1,755 ತುಂಡುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯನ್ನು ಸೇರಿತು. ರಾಯನು ಒಮ್ಮೆ ಉಟ್ಟು ಬಿಟ್ಟ ಚಿನ್ನದ ಗುಲಾಬಿಗಳಲ್ಲಿ ಒಂದು ಎಳೆಯೂ ಉಳಿಯದ ಊರಿನಲ್ಲಿ ತೇಪೆಯ ಬಟ್ಟೆ ಈ ಮನ್ನಣೆ ಪಡೆದುದನ್ನು ಓದಿ ನನ್ನ ಮನಸ್ಸು ತುಂಬಿ ಬಂದಿತು.

ಚೋರನೂರಿನ ಕಡೆಯ ಒಂದು ತಾಂಡಾದಲ್ಲಿ ವೃದ್ಧೆಯೊಬ್ಬಳು ತನ್ನ ತಾಯಿಯ ಕಾಂಚಳಿಯನ್ನು ನನಗೆ ತೋರಿಸಿದಳು. ಹೊರಸಿನ ಮೇಲೆ ಅದನ್ನು ಬೋರಲು ಹಾಕಿ, ಅವಳ ಅನುಮತಿ ಪಡೆದು, ಒದ್ದೆ ಮಾಡಿದ ಬಿಳಿಯ ಅರಳೆಯನ್ನು ಹಿಂಬದಿಯ ಬಣ್ಣಗಳ ಮೇಲೆ ಒಂದೊಂದಾಗಿ ಒತ್ತಿ ನೋಡಿದೆ. ನೀಲಿಯ ನೆಲದಿಂದ ಅರಳೆಗೆ ಏನೂ ಹತ್ತಲಿಲ್ಲ. ಅಂಚಿನ ಕಂದುಗೆಂಪೂ ಅಲುಗಲಿಲ್ಲ. ತೋಳಿನ ಬಳಿ ಮತ್ತೆ ಹೊಲಿದಿದ್ದ ಉಜ್ವಲವಾದ ಕೆಂಪು ದಾರಕ್ಕೆ ಒತ್ತಿದಾಗ ಅರಳೆ ಗುಲಾಬಿಯಾಯಿತು. ನಾನು ಟಿಪ್ಪಣಿಯ ಪುಸ್ತಕ ತೆರೆಯುವಷ್ಟರಲ್ಲಿ ಆಕೆ ನಕ್ಕು, “ಅದಕ್ಕ್ಯಾಕ್ರೀ ಅಷ್ಟು ತ್ರಾಸು? ಅದು ಪ್ಯಾಟಿ ಕೆಂಪು, ಬಣ್ಣ ಬಿಡತೈತ್ರಿ. ನನ್ನ ಮದುವ್ಯಾಗ ಹೊಲದದ್ದು. ಅದಕ್ಕಽ ಇದನ್ನ ಬ್ಯಾರೆ ನೀರಾಗ ಹಿಂಡತೀನಿ” ಎಂದು ಕಾಂಚಳಿಯನ್ನು ಮತ್ತೆ ಮಡಿಚಿ, ಹಿಂಬದಿ ಹೊರಗಾಗುವಂತೆ ಸುತ್ತಿಟ್ಟಳು.