ಹುಟ್ಟುಹಬ್ಬದ ಕೊಡುಗೆ: ಎಷ್ಟು ಎಂಬುದಕ್ಕೆ ಅಳತೆ ಬಂದ ಬಗೆ

ಮುಖ್ಯವಾದ ಹುಟ್ಟುಹಬ್ಬಗಳಲ್ಲಿ ಎಷ್ಟು ಕೊಡಬೇಕು ಎಂಬುದನ್ನು ಭಾರತದಲ್ಲಿ ಬಹುಕಾಲ ಕೊಡುವವರ ಮರ್ಜಿಗೇ ಪೂರ್ತಿ ಬಿಟ್ಟಿರಲಿಲ್ಲ. ಹುಟ್ಟಿದವನ ಮೈತೂಕ, ಅವನ ವಯಸ್ಸು, ಕೊಡುವವನ ಹುದ್ದೆ ಮತ್ತು ಸಂಬಳ, ಹಿಂದೆ ಪಡೆದದ್ದರ ಲೆಕ್ಕ, ಹೀಗೆ ಒಂದಲ್ಲ ಒಂದು ಅಳತೆ ಮೊತ್ತವನ್ನು ಮೊದಲೇ ಗೊತ್ತುಮಾಡುತ್ತಿತ್ತು. ಕೊಡುಗೆಯ ಹರಿವೂ ಎರಡು ದಿಕ್ಕಿನದು. ಹುಟ್ಟುಹಬ್ಬದವನು ತಾನೇ ದಾನ ಮಾಡುವುದು ಒಂದು, ಉಳಿದವರು ಅವನಿಗೆ ಕಾಣಿಕೆ ಒಪ್ಪಿಸುವುದು ಇನ್ನೊಂದು.

ಇವುಗಳಲ್ಲಿ ಹಳೆಯದು ಮೈತೂಕದ ಅಳತೆ. ಮತ್ಸ್ಯಪುರಾಣ ಹೇಳುವ ಹದಿನಾರು ಮಹಾದಾನಗಳಲ್ಲಿ ಮೊದಲನೆಯದು ತುಲಾಪುರುಷದಾನ. ದಾನಿ ತಕ್ಕಡಿಯ ಒಂದು ತಟ್ಟೆಯಲ್ಲಿ ಕೂರುತ್ತಾನೆ, ಇನ್ನೊಂದರಲ್ಲಿ ಅವನ ತೂಕದ ಚಿನ್ನ ಏರುತ್ತದೆ, ಆ ಚಿನ್ನ ದಾನವಾಗಿ ಹೋಗುತ್ತದೆ. ಮೊದಮೊದಲು ಇದಕ್ಕೆ ಹುಟ್ಟುಹಬ್ಬವೇ ಆಗಬೇಕೆಂದಿರಲಿಲ್ಲ. ಗ್ರಹಣ, ಸಂಕ್ರಮಣ, ಪಟ್ಟಾಭಿಷೇಕಗಳು ಇದಕ್ಕೆ ತಕ್ಕ ಕಾಲಗಳೆನಿಸಿದ್ದವು. ಮಾನ್ಯಖೇಟ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಿಂದ ಆಳಿದ ರಾಷ್ಟ್ರಕೂಟ ದೊರೆ ಮೂರನೆಯ ಇಂದ್ರ ತನ್ನ ಪಟ್ಟಬಂಧದ ಉತ್ಸವಕ್ಕೆ ಕುರುಂದಕಕ್ಕೆ ಹೋಗಿ ತುಲಾಪುರುಷದಾನ ಮಾಡಿದ. ತಕ್ಕಡಿಯಿಂದ ಇಳಿಯುವ ಮೊದಲೇ ಲಕ್ಷಗಟ್ಟಲೆ ದ್ರಮ್ಮ ನಾಣ್ಯಗಳನ್ನೂ ಹಳ್ಳಿಗಳನ್ನೂ ದಾನವಿತ್ತ ಎಂದು ಅವನ ಬಗುಮ್ರಾ ತಾಮ್ರಪಟಗಳು ಹೇಳುತ್ತವೆ. ವಿಜಯನಗರದಲ್ಲೂ ಈ ಪದ್ಧತಿ ನಡೆದುಬಂತು. ಹಂಪಿಯ ವಿಠ್ಠಲ ದೇವಾಲಯದ ಸಮೀಪ ಎರಡು ಎತ್ತರದ ಕಲ್ಲುಕಂಬಗಳ ಮೇಲೆ ತೊಲೆ ಹೊರಿಸಿದ ತುಲಾಭಾರದ ಕಮಾನು ಇಂದಿಗೂ ನಿಂತಿದೆ. ತಕ್ಕಡಿ ತೂಗುಹಾಕಲು ತೊಲೆಯ ಅಡಿಯಲ್ಲಿ ಕಲ್ಲಿನಲ್ಲೇ ಕಡೆದ ಬಳೆಗಳಿವೆ.

ಈ ತೂಕದ ದಾನವನ್ನು ವರ್ಷವರ್ಷದ ಹುಟ್ಟುಹಬ್ಬಕ್ಕೆ ಕಟ್ಟಿ, ಅದಕ್ಕೊಂದು ದರಪಟ್ಟಿಯನ್ನೇ ಮಾಡಿದ್ದು ಮೊಗಲರ ಆಸ್ಥಾನ. 1542ರ ಅಕ್ಟೋಬರ್ 15ರಂದು ಹುಟ್ಟಿದ ಅಕ್ಬರ್ ವರ್ಷಕ್ಕೆ ಎರಡು ಬಾರಿ ತೂಗಿಸಿಕೊಳ್ಳುತ್ತಿದ್ದ, ಸೌರಮಾನದ ಜನ್ಮದಿನದಂದು ಒಮ್ಮೆ, ಚಾಂದ್ರಮಾನದ ಜನ್ಮದಿನದಂದು ಇನ್ನೊಮ್ಮೆ. ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಇದರ ವಿವರ ಕೊಟ್ಟಿದ್ದಾನೆ. ಸೌರ ಜನ್ಮದಿನದಲ್ಲಿ ಹನ್ನೆರಡು ವಸ್ತುಗಳೊಡನೆ ಹನ್ನೆರಡು ಸಲ ತೂಕ. ಚಿನ್ನ, ಪಾದರಸ, ರೇಷ್ಮೆ, ಸುಗಂಧದ್ರವ್ಯಗಳಿಂದ ಮೊದಲಾಗಿ ತಾಮ್ರ, ತುಪ್ಪ, ಕಬ್ಬಿಣ, ಏಳು ಬಗೆಯ ಧಾನ್ಯಗಳ ಮೂಲಕ ಉಪ್ಪಿನವರೆಗೆ ಆ ಪಟ್ಟಿ ಇಳಿಯುತ್ತಿತ್ತು. ಚಾಂದ್ರ ಜನ್ಮದಿನದ ಪಟ್ಟಿ ಚಿಕ್ಕದು, ಎಂಟು ವಸ್ತುಗಳದ್ದು. ಅದರಲ್ಲಿ ಬೆಳ್ಳಿ, ತವರ, ಸೀಸ, ಬಟ್ಟೆ, ಹಣ್ಣು, ತರಕಾರಿ, ಸಾಸಿವೆ ಎಣ್ಣೆ ಸೇರಿದ್ದವು. ಇವುಗಳ ಜೊತೆಗೆ ವಯಸ್ಸಿನ ಅಳತೆಯೂ ಇತ್ತು. ಚಕ್ರವರ್ತಿಗೆ ಎಷ್ಟು ವರ್ಷ ತುಂಬಿದೆಯೋ ಅಷ್ಟೇ ಸಂಖ್ಯೆಯ ಕುರಿ, ಆಡು, ಕೋಳಿಗಳನ್ನು ಅವುಗಳನ್ನು ಸಾಕುವ ಜನರಿಗೆ ಹಂಚುತ್ತಿದ್ದರು.

ರಾಜಕುಮಾರರ ವಿಷಯದಲ್ಲಿ ಅಳತೆ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿತ್ತು. ಎರಡು ವರ್ಷ ತುಂಬಿದಾಗ ಮಗುವನ್ನು ಒಂದೇ ವಸ್ತುವಿನೊಡನೆ ತೂಗುತ್ತಿದ್ದರು. ಆಮೇಲೆ ಪ್ರತಿ ಹುಟ್ಟುಹಬ್ಬಕ್ಕೆ ಒಂದೊಂದು ವಸ್ತು ಹೆಚ್ಚುತ್ತಿತ್ತು. ಸಾಮಾನ್ಯವಾಗಿ ಅದು ಏಳೆಂಟಕ್ಕೆ ನಿಲ್ಲುತ್ತಿತ್ತು, ಹನ್ನೆರಡನ್ನಂತೂ ದಾಟುವಂತಿರಲಿಲ್ಲ. ಈ ಖರ್ಚು ಹದ್ದುಮೀರದಂತೆ ನೋಡಿಕೊಳ್ಳಲು ಪ್ರತ್ಯೇಕ ಖಜಾಂಚಿಯನ್ನೂ ಲೆಕ್ಕಿಗನನ್ನೂ ನೇಮಿಸಲಾಗಿತ್ತು. ಹುಟ್ಟುಹಬ್ಬದ ಖರ್ಚಿಗೆ ನೆಲೆಯೂ ಮಿತಿಯೂ ಲೆಕ್ಕಪತ್ರವೂ ಒಟ್ಟಿಗೆ ಒದಗಿದ ಏರ್ಪಾಡು ಇದು. ಆದರೆ ವಿಶೇಷ ವರ್ಷ ಬಂದಾಗ ನಿಯಮ ಸಡಿಲವಾಗುತ್ತಿತ್ತು. ರಾಜಕುಮಾರರನ್ನು ಸೌರಮಾನದ ಹುಟ್ಟುಹಬ್ಬದಂದು ಮಾತ್ರ ತೂಗುವುದು ವಾಡಿಕೆಯಾಗಿದ್ದರೂ, 1607ರಲ್ಲಿ ಕಾಬೂಲಿನಲ್ಲಿದ್ದ ಜಹಾಂಗೀರ್ ಮಗ ಖುರ್ರಮನನ್ನು ಅವನ ಹದಿನಾರನೆಯ ಚಾಂದ್ರವರ್ಷದ ಆರಂಭದಲ್ಲೂ ತೂಗಿಸಿದ. ಜಾತಕದಲ್ಲಿ ಅದು ಮುಖ್ಯವಾದ ಘಟ್ಟವೆಂದು ಜ್ಯೋತಿಷಿಗಳು ಹೇಳಿದ್ದೂ, ಹುಡುಗನ ಆರೋಗ್ಯ ಸರಿಯಿಲ್ಲದ್ದೂ ಇದಕ್ಕೆ ಕಾರಣವೆಂದು ಅವನೇ ಬರೆದಿದ್ದಾನೆ. ಮುಂದೆ ಷಾಜಹಾನ್ ಆದವನು ಇದೇ ಖುರ್ರಮ್. ಈ ತುಲಾಭಾರದ ಚಿತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

1617ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ರಾಯಭಾರಿ ಥಾಮಸ್ ರೋ ಮಾಂಡುವಿನ ತೋಟವೊಂದರಲ್ಲಿ ಜಹಾಂಗೀರನ ತುಲಾಭಾರವನ್ನು ಕಣ್ಣಾರೆ ಕಂಡ. ತಕ್ಕಡಿ ಗಟ್ಟಿ ಚಿನ್ನದ್ದು, ಅಂಚಿಗೆ ಕೆಂಪು ಮತ್ತು ಹಸಿರುನೀಲಿ ಹರಳುಗಳು. ಚಿನ್ನದ ಸರಪಳಿಗಳಿಗೆ ಆಸರೆಯಾಗಿ ರೇಷ್ಮೆಯ ಹಗ್ಗಗಳನ್ನೂ ಕಟ್ಟಲಾಗಿತ್ತು. ಮೊದಲು ಬೆಳ್ಳಿ ನಾಣ್ಯ, ಆಮೇಲೆ ಚಿನ್ನ ಮತ್ತು ರತ್ನ, ಬಳಿಕ ಜರಿಬಟ್ಟೆ, ರೇಷ್ಮೆ, ಸಾಂಬಾರ ಪದಾರ್ಥ, ಕೊನೆಗೆ ಹಿಟ್ಟು, ಬೆಣ್ಣೆ, ಧಾನ್ಯ ತಟ್ಟೆಗೆ ಏರಿದವು. ಎಲ್ಲವೂ ಚೀಲಗಳಲ್ಲಿ ಇದ್ದುದರಿಂದ ಒಳಗಿದ್ದದ್ದು ರತ್ನವೋ ಬೆಣಚುಕಲ್ಲೋ ಹೇಳಲಾಗದು ಎಂದು ರೋ ಕುಹಕವಾಡಿದ್ದಾನೆ. ತೂಕ ಮುಗಿದ ಮೇಲೆ ದೊರೆ ಸಿಂಹಾಸನದಲ್ಲಿ ಕುಳಿತು, ತೆಳುವಾದ ಬೆಳ್ಳಿಯಲ್ಲಿ ಮಾಡಿದ ಕಾಯಿ, ಹಣ್ಣುಗಳನ್ನು ಚೆಲ್ಲಿದಾಗ ದೊಡ್ಡ ದೊಡ್ಡ ಸರದಾರರೇ ಅವನ್ನು ಆಯಲು ಮುಗಿಬಿದ್ದರು.

ಎದುರು ದಿಕ್ಕಿನ ಕೊಡುಗೆ, ಅಂದರೆ ಸರದಾರರು ಚಕ್ರವರ್ತಿಗೆ ಒಪ್ಪಿಸುತ್ತಿದ್ದ ಕಾಣಿಕೆ, ಇಷ್ಟು ಸರಳವಾಗಿರಲಿಲ್ಲ. ಔರಂಗಜೇಬನ ಆಳ್ವಿಕೆಯ ಮೊದಲ ದಶಕದಲ್ಲಿ ಇಲ್ಲಿದ್ದ ಫ್ರೆಂಚ್ ವೈದ್ಯ ಫ್ರಾನ್ಸ್ವಾ ಬರ್ನಿಯೆ ಇದರ ಒಳಗುಟ್ಟನ್ನು ಬಿಡಿಸಿ ಹೇಳಿದ್ದಾನೆ. ಚಕ್ರವರ್ತಿಯ ತೂಕ ಹಿಂದಿನ ವರ್ಷಕ್ಕಿಂತ ಎರಡು ಪೌಂಡ್ ಹೆಚ್ಚಿದೆ ಎಂದು ಗೊತ್ತಾದಾಗ ಆಸ್ಥಾನವೆಲ್ಲ ಸಂಭ್ರಮಿಸಿತಂತೆ. ಆದರೆ ಈ ಉತ್ಸವದ ಇನ್ನೊಂದು ವಾಡಿಕೆ ಸರದಾರರಿಗೆ ಹಿತವಾಗಿರಲಿಲ್ಲ. ಪ್ರತಿಯೊಬ್ಬನೂ ತನ್ನ ಸಂಬಳಕ್ಕೆ ತಕ್ಕ ಕಾಣಿಕೆ ತರಬೇಕಿತ್ತು. ಕೆಲವರು ಆ ಅಳತೆಯನ್ನು ಮೀರಿ ಕೊಡುತ್ತಿದ್ದರು. ಅದಕ್ಕೆ ಬರ್ನಿಯೆ ಕೊಡುವ ಕಾರಣಗಳು ಮೂರು: ಆಡಂಬರ, ಅಧಿಕಾರದಲ್ಲಿದ್ದಾಗ ಮಾಡಿದ ಸುಲಿಗೆಯ ವಿಚಾರಣೆ ತಪ್ಪಿಸಿಕೊಳ್ಳುವುದು, ಸಂಬಳದ ಬಡ್ತಿಯ ಆಸೆ. ಔರಂಗಜೇಬ್ ಕೆಲ ವರ್ಷಗಳ ನಂತರ ತನ್ನ ತುಲಾಭಾರವನ್ನು ನಿಲ್ಲಿಸಿದ.

ತುಲಾಭಾರ ನಿಂತರೂ ಕಾಣಿಕೆಯ ಪದ್ಧತಿ ಉಳಿಯಿತು. ನಜರ್ ಎಂಬ ಹೆಸರಿನಲ್ಲಿ ಅದು ಸಂಸ್ಥಾನಗಳಲ್ಲೆಲ್ಲ ನಡೆಯಿತು. ಕಲಬುರಗಿ, ಬೀದರ್, ರಾಯಚೂರು ಸೇರಿದ್ದ ಹೈದರಾಬಾದಿನಲ್ಲಿ ನಿಜಾಮನಿಗೆ ಅಶ್ರಫಿ ಎಂಬ ಚಿನ್ನದ ನಾಣ್ಯವನ್ನೂ ಅದರ ಜೊತೆ ಬೆಳ್ಳಿ ರೂಪಾಯಿಗಳನ್ನೂ ಒಪ್ಪಿಸುವುದು ರೂಢಿಯಾಗಿತ್ತು. ಈಸ್ಟ್ ಇಂಡಿಯಾ ಕಂಪನಿಯ ನೌಕರರು ಇಂಥ ಕಾಣಿಕೆಗಳಿಂದಲೇ ಶ್ರೀಮಂತರಾದಾಗ, ಬ್ರಿಟಿಷ್ ಸಂಸತ್ತು 1773ರ ರೆಗ್ಯುಲೇಟಿಂಗ್ ಆಕ್ಟಿನ ಮೂಲಕ ಅಧಿಕಾರಿಗಳು ಉಡುಗೊರೆ ಪಡೆಯುವುದನ್ನು ನಿಷೇಧಿಸಿತು. ಮುಂದಿನ ದರ್ಬಾರುಗಳಲ್ಲಿ ಒಪ್ಪಿಸಿದ ನಜರನ್ನು ಕೈಯಿಂದ ಮುಟ್ಟಿ ಹಿಂದಿರುಗಿಸುವ ಕ್ರಮ ರೂಢಿಗೆ ಬಂತು.

ಮನೆಮನೆಯ ಆಚರಣೆಯಲ್ಲಿ ಎಲ್ಲ ಹುಟ್ಟುಹಬ್ಬಗಳೂ ಸಮಾನವಲ್ಲ. ಪ್ರಭವದಿಂದ ಅಕ್ಷಯದವರೆಗಿನ ಅರುವತ್ತು ಸಂವತ್ಸರಗಳ ಚಕ್ರ ಒಂದು ಸುತ್ತು ಮುಗಿದು, ಹುಟ್ಟಿದ ಸಂವತ್ಸರ ಮರಳಿ ಬರುವಾಗ ಷಷ್ಟ್ಯಬ್ದಿ. ಎಪ್ಪತ್ತಕ್ಕೆ ಭೀಮರಥ ಶಾಂತಿ. ಸಾವಿರ ಹುಣ್ಣಿಮೆ ಕಂಡವರಿಗೆ, ಅಂದರೆ ಎಂಬತ್ತು ದಾಟಿದವರಿಗೆ, ಸಹಸ್ರಚಂದ್ರ ದರ್ಶನ. ಷಷ್ಟ್ಯಬ್ದಿಯಲ್ಲಿ ದಂಪತಿಗೆ ಮತ್ತೆ ಮದುವೆಯ ಶಾಸ್ತ್ರ ನಡೆಯುತ್ತದೆ, ಮಾಂಗಲ್ಯ ಹೊಸದಾಗಿ ಬರುತ್ತದೆ, ಮಕ್ಕಳು ಮತ್ತು ಬೀಗರು ಸೀರೆ ಪಂಚೆ ಕೊಡುತ್ತಾರೆ. ದಾನದ ಪಟ್ಟಿಯೂ ಗೊತ್ತಾದದ್ದೇ. ಗೋವು, ಭೂಮಿ, ಎಳ್ಳು, ಚಿನ್ನ, ತುಪ್ಪ, ವಸ್ತ್ರ, ಧಾನ್ಯ, ಬೆಲ್ಲ, ಬೆಳ್ಳಿ, ಉಪ್ಪು ಇವು ದಶದಾನ. ಎಲ್ಲರಿಗೂ ಹಸು, ಹೊಲ ಕೊಡಲಾಗುವುದಿಲ್ಲವಾದ್ದರಿಂದ ಅದರ ಬದಲು ತೆಂಗಿನಕಾಯಿಯೊಡನೆ ದಕ್ಷಿಣೆ ಕೊಟ್ಟರೂ ನಡೆಯುತ್ತದೆ. ಪಟ್ಟಿ ಎಲ್ಲರಿಗೂ ಒಂದೇ, ಮೊತ್ತ ಅವರವರ ಶಕ್ತಿಗೆ ತಕ್ಕಂತೆ. ತುಲಾಭಾರವೂ ಇದೇ ದಾರಿಯಲ್ಲಿ ಸಾಮಾನ್ಯರ ಕೈಗೆ ಬಂತು. ಉಡುಪಿ, ಧರ್ಮಸ್ಥಳಗಳಲ್ಲಿ ಹರಕೆ ಹೊತ್ತವರು ಅಕ್ಕಿ, ಬೆಲ್ಲ, ತೆಂಗಿನಕಾಯಿ, ಬಾಳೆಹಣ್ಣುಗಳಿಂದ ಮಕ್ಕಳನ್ನು ತೂಗಿಸುತ್ತಾರೆ. ವಸ್ತುವಿನ ಆಯ್ಕೆ ಮನೆಯವರದು, ಪ್ರಮಾಣ ಮಾತ್ರ ತಕ್ಕಡಿಯದು.

ನೆಂಟರಿಷ್ಟರ ನಡುವಿನ ಅಳತೆಗೆ ಮುಯ್ಯಿಯೇ ಆಧಾರ. ಮದುವೆಯಂಥ ಶುಭಕಾರ್ಯದಲ್ಲಿ ಯಾರು ಎಷ್ಟು ಹಾಕಿದರು ಎಂದು ಪುಸ್ತಕದಲ್ಲಿ ಬರೆದಿಡುತ್ತಾರೆ. ಅವರ ಮನೆಯಲ್ಲಿ ಕಾರ್ಯ ಬಂದಾಗ ಪುಟ ತಿರುವಿ, ಅಷ್ಟಕ್ಕೆ ಕಡಿಮೆಯಾಗದಂತೆ, ಸಾಧ್ಯವಾದರೆ ತುಸು ಹೆಚ್ಚಾಗಿ ಹಿಂದಿರುಗಿಸುತ್ತಾರೆ. ಕಾರ್ಯದ ಖರ್ಚು ಹೊರುವ ಮನೆಗೆ ಇದು ಬಡ್ಡಿಯಿಲ್ಲದ ನೆರವೂ ಹೌದು, ತೀರಿಸಲೇಬೇಕಾದ ಋಣವೂ ಹೌದು.

ಸ್ವತಂತ್ರ ಭಾರತದಲ್ಲಿ ಅಳತೆ ಹಾಕುವ ಕೆಲಸದಲ್ಲಿ ಕಾನೂನೂ ಪಾಲುಗೊಂಡಿತು. 1958ರ ಗಿಫ್ಟ್ ಟ್ಯಾಕ್ಸ್ ಕಾಯ್ದೆ ಕೊಟ್ಟವರ ಮೇಲೆ ತೆರಿಗೆ ಹಾಕಿತು, 1998ರ ಅಕ್ಟೋಬರಿನಿಂದ ಆ ತೆರಿಗೆ ರದ್ದಾಯಿತು. 2004ರಿಂದ ಭಾರ ಪಡೆದವರ ಕಡೆಗೆ ತಿರುಗಿ, ಆದಾಯ ತೆರಿಗೆಯೊಳಗೆ ಸೇರಿತು. ಈಗಿನ ನಿಯಮದಲ್ಲಿ ಹತ್ತಿರದ ಬಂಧುಗಳ ಕೊಡುಗೆಗೆ ತೆರಿಗೆಯಿಲ್ಲ, ಮದುವೆಯಲ್ಲಿ ವಧೂವರರಿಗೆ ಯಾರು ಕೊಟ್ಟರೂ ಇಲ್ಲ. ಹುಟ್ಟುಹಬ್ಬಕ್ಕೆ, ಅದು ಅರುವತ್ತನೆಯದಾದರೂ, ಈ ವಿನಾಯಿತಿ ಸಿಗುವುದಿಲ್ಲ. ಬಂಧುಗಳಲ್ಲದವರಿಂದ ವರ್ಷವೊಂದರಲ್ಲಿ ಬಂದ ಹಣ 50,000 ರೂಪಾಯಿ ಮೀರಿದರೆ ಪೂರ್ತಿ ಮೊತ್ತವೂ ಪಡೆದವರ ಆದಾಯವೆನಿಸುತ್ತದೆ.