ಕಳ್ಳಪ್ರತಿಯ ಬೆನ್ನೇರಿದ ವೈರಸ್

ನಿಮ್ಮಲ್ಲಿ ಎಷ್ಟು ಮಂದಿ ಫ್ಲಾಪಿ ನೋಡಿದ್ದೀರಿ? ಗೆಳೆಯರ ಫ್ಲಾಪಿಯಿಂದ ತಂತ್ರಾಂಶ ನಕಲಿಸಿಕೊಳ್ಳುವುದು ಒಂದು ಕಾಲದಲ್ಲಿ ನೋಟ್ಸ್ ಬರೆದುಕೊಂಡಷ್ಟೇ ಸಹಜವಾಗಿತ್ತು. ಲಾಹೋರಿನ ಅಣ್ಣತಮ್ಮಂದಿರಾದ ಬಾಸಿತ್ ಮತ್ತು ಅಮ್ಜದ್ ಫಾರೂಕ್ ಆಲ್ವಿ 1986ರಲ್ಲಿ 'ಬ್ರೇನ್' ಬರೆದರು. ಹಣ ಕೊಡದೆ ತಮ್ಮ ವೈದ್ಯಕೀಯ ತಂತ್ರಾಂಶ ನಕಲಿಸುವವರಿಗೆಂದೇ ಬರೆದದ್ದೆಂದು ಅವರೇ ಹೇಳಿದ್ದಾರೆ. ಐಬಿಎಂ ಪಿಸಿಗಳಿಗೆ ತಗಲಿದ ಮೊದಲ ವೈರಸ್ ಅದು. ಫ್ಲಾಪಿಯಿಂದ ಗಣಕ ಚಾಲೂ ಮಾಡಿದಾಗ ಅದು ಮೊದಲು ಓದುವ ಬೂಟ್ ಸೆಕ್ಟರಿನಲ್ಲೇ ಅಡಗಿದ್ದು, ಆಮೇಲೆ ಹಾಕಿದ ಫ್ಲಾಪಿಗಳಿಗೂ ಅಂಟುತ್ತಿತ್ತು. ತಮಾಷೆ ನೋಡಿ, ಸೋದರರು ತಮ್ಮ ಹೆಸರು, ವಿಳಾಸ, ಫೋನ್ ನಂಬರುಗಳನ್ನೂ ಅದರೊಳಗೆ ಬರೆದಿದ್ದರು. ಲಸಿಕೆ ಬೇಕಾದವರು ಸಂಪರ್ಕಿಸಬಹುದಿತ್ತು! ಆದರೆ ಕದ್ದ ಫ್ಲಾಪಿ ಯಾವುದು, ಕೊಂಡದ್ದು ಯಾವುದು ಎಂದು ವೈರಸ್ಸಿಗೇನು ಗೊತ್ತು? 1987ರಲ್ಲಿ ಅದು ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಫ್ಲಾಪಿಗಳಲ್ಲಿ ಸಿಕ್ಕಿತು. ಅವುಗಳನ್ನು ಪರೀಕ್ಷಿಸಿ ಶುಚಿಮಾಡುವ ಕೆಲಸ ಅಲ್ಲಿನವರ ಪಾಲಿಗೆ ಬಿತ್ತು.