ಸೀಟು ಹಿಡಿದವರು ಬಿಡಬೇಕಲ್ರಿ!

ಬಸವಕಲ್ಯಾಣದಾಗ ಬಸ್ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡೀತೀವಿ. ಹುಮನಾಬಾದದಾಗ ಇಳಿದ ಮ್ಯಾಲೂ ಟವೆಲ್ ಅಲ್ಲೇ ಬಿಟ್ರ? ಸೀಟು ಖಾಲಿ, ಆದ್ರ ಯಾರೂ ಕೂಡಂಗಿಲ್ಲ. ಕಂಪ್ಯೂಟರಿನ ಮೆಮೊರಿಯ ಕಥೆಯೂ ಇದೇ.

1967ರಲ್ಲಿ ನಾರ್ವೆಯ ಡಾಲ್, ನ್ಯೂಗೋರ್ ರೂಪಿಸಿದ ಸಿಮುಲಾ ಭಾಷೆಯಲ್ಲಿ ಕ್ಲಾಸ್ ಅಂದ್ರ ನಮೂನೆ. ‘ನ್ಯೂ’ ಅಂದ್ರ ಅದರಿಂದೊಂದು ಆಬ್ಜೆಕ್ಟ್ ಹುಟ್ತದ. ಬ್ಯಾಡಾದದ್ದನ್ನು ಭಾಷೆಯೇ ಗುಡಿಸ್ತಿತ್ತು. ಕೇಂಬ್ರಿಡ್ಜ್‌ನಲ್ಲಿ ಅದನ್ನು ಬಳಸಿದ ಸ್ಟ್ರೌಸ್ಟ್ರಪ್‌ಗೆ, ಹೆಚ್ಚಿನ ಹೊತ್ತು ಗುಡಿಸೋದ್ರಾಗೇ ಹೋಗೋದು ಕಂಡಿತು. 1979ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಅವರು ಶುರು ಮಾಡಿದ ಕೆಲಸವೇ ಸಿ ಪ್ಲಸ್ ಪ್ಲಸ್ ಆಯಿತು. ಅದರಲ್ಲಿ ಹುಟ್ಟಿಗೆ ಕನ್‌ಸ್ಟ್ರಕ್ಟರ್, ಅಳಿವಿಗೆ ಡಿಸ್ಟ್ರಕ್ಟರ್. ‘ಡಿಲೀಟ್’ ಮರೆತ್ರ ಮೆಮೊರಿ ಸೋರಿ, ತಿಂಗಳುಗಟ್ಟಲೆ ಓಡೋ ಸರ್ವರ್ರೂ ನಿಲ್ಲಬಹುದು.

1995ರಲ್ಲಿ ಬಂದ ಜಾವಾದಾಗ ಗುಡಿಸೋ ಕೆಲಸ ಮತ್ತೆ ಯಂತ್ರದ್ದು. ಆದ್ರ ತೆರೆದ ಫೈಲ್ ಮುಚ್ಚೋ ಹೊಣೆ ಇವತ್ತಿಗೂ ನಮ್ಮದೇ. ಬಿಕಾಂದಾಗ ಓದಿದ್ದೂ ಅದೇರಿ: ಖಾತೆ ತೆರೆದ ಮ್ಯಾಲ ಕ್ಲೋಸ್ ಮಾಡಲೇಬೇಕು.